ಕೈಗುಣದ ಹೊಣೆ: ವರದಾ ತೀರದಿಂದ ಕಂಡ ಚಿಕಿತ್ಸಾ ಕಾನೂನಿನ ಚರಿತ್ರೆ

ಧಾರವಾಡ ಜಿಲ್ಲೆಯನ್ನು ಒಡೆದು 1997ರಲ್ಲಿ ರಚಿಸಿದ ಹಾವೇರಿ ಜಿಲ್ಲೆಯಲ್ಲಿ, ವರದಾ ನದಿಯ ದಂಡೆಯ ಮೇಲಿರುವ ಹೊಸರಿತ್ತಿಯ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಬರುವುದು ಹೆಚ್ಚಾಗಿ ಗುದ್ಲೆಪ್ಪ ಹಳ್ಳಿಕೇರಿಯವರ ಊರೆಂದು, ಇಲ್ಲವೇ 1943ರ ಏಪ್ರಿಲ್ 1ರಂದು ಮೈಲಾರ ಮಹದೇವಪ್ಪನವರೂ ಅವರ ಇಬ್ಬರು ಸಂಗಾತಿಗಳೂ ಪೊಲೀಸರ ಗುಂಡಿಗೆ ಬಲಿಯಾದ ನೆಲವೆಂದು. ಚಿಕಿತ್ಸೆಯ ಇತಿಹಾಸ ಬರೆಯುವವರು ಇಂಥ ಊರನ್ನು ಎತ್ತಿಕೊಳ್ಳುವುದು ಕಡಿಮೆ. ಆದರೂ ಆಸ್ಪತ್ರೆಗಳಿಗೆ ಬಂದಿರುವ ರೋಬಾಟ್‌ಗಳನ್ನು ಕಾನೂನು ಹೇಗೆ ಅಂಕೆಯಲ್ಲಿಡಬೇಕು ಎಂಬ ಇಂದಿನ ಪ್ರಶ್ನೆಯ ಆಳ ಬೆಂಗಳೂರಿನ ಶಸ್ತ್ರಚಿಕಿತ್ಸಾ ಕೊಠಡಿಗಿಂತ ಇಲ್ಲಿಂದಲೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿನ ರೋಗಿ ಮೊದಲು ಹತ್ತಿರದ ದವಾಖಾನೆಗೆ, ಅಲ್ಲಿ ಆಗದಿದ್ದರೆ ಹಾವೇರಿಗೆ, ಆಮೇಲೆ ಹುಬ್ಬಳ್ಳಿಗೋ ದಾವಣಗೆರೆಗೋ, ಕೊನೆಗೆ ಬೆಂಗಳೂರಿಗೋ ಹೋಗುವಾಗ, ಒಂದೊಂದು ಮೆಟ್ಟಿಲು ಏರಿದಂತೆ ಚಿಕಿತ್ಸೆ ಕೊಡುವವರ ಮುಖ ಅವನಿಂದ ದೂರವಾಗುತ್ತದೆ. ಏನಾದರೂ ತಪ್ಪಾದರೆ ಯಾರನ್ನು ಕೇಳಬೇಕೆಂಬುದೂ ಅಷ್ಟಷ್ಟೇ ಮಸುಕಾಗುತ್ತದೆ.

ರೋಬಾಟ್ ಎಂಬ ಪದವನ್ನು ಲೋಕಕ್ಕೆ ಕೊಟ್ಟದ್ದು ಚೆಕ್ ಲೇಖಕ ಕರೆಲ್ ಚಾಪೆಕ್ 1920ರಲ್ಲಿ ಬರೆದ ಒಂದು ನಾಟಕ. ಅದರ ಮೂಲವಾದ 'ರೊಬೊತಾ' ಎಂಬ ಚೆಕ್ ಪದಕ್ಕೆ ಕನ್ನಡದಲ್ಲಿ ಸರಿಯಾಗಿ ಹೊಂದುವ ಮಾತು 'ಬಿಟ್ಟಿ ಚಾಕರಿ', ಅಂದರೆ ಒಡೆಯನಿಗೆ ಕೂಲಿಯಿಲ್ಲದೆ ಮಾಡಲೇಬೇಕಾದ ದುಡಿಮೆ. ಬಿಟ್ಟಿ ಚಾಕರಿಯ ಲಕ್ಷಣವೇನೆಂದರೆ ಕೆಲಸ ಒಬ್ಬರದು, ಅದರ ಫಲವೂ ಹೊಣೆಯೂ ಇನ್ನೊಬ್ಬರದು. ವೈದ್ಯಕೀಯ ರೋಬಾಟ್‌ನ ಕಾನೂನು ಸಮಸ್ಯೆಯೂ ಇದೇ ಗಂಟಿನಲ್ಲಿದೆ: ಕತ್ತರಿ ಆಡಿಸುವುದು ಯಂತ್ರ, ಆಡಿಸುವಂತೆ ಮಾಡುವುದು ವೈದ್ಯ, ಅದನ್ನು ಕೊಂಡು ಇಟ್ಟಿರುವುದು ಆಸ್ಪತ್ರೆ, ತಯಾರಿಸಿದ್ದು ಯಾವುದೋ ದೇಶದ ಕಂಪನಿ, ಹೊಣೆ ಹೊರುವ ಹೆಗಲು ಯಾವುದು?

ಈ ಪ್ರಶ್ನೆ ಕೇಳಲು ಹೊಸದಾದರೂ ಅದರ ಬೇರುಗಳು ಹಳೆಯವು. ಯಂತ್ರಗಳು ಬರುವ ಮೊದಲು ಈ ಭಾಗದ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದವಳು ಸೂಲಗಿತ್ತಿ, ಮುರಿದ ಎಲುಬಿಗೆ ಬಿದಿರಿನ ದಬ್ಬೆ ಕಟ್ಟುತ್ತಿದ್ದವನು ನಾಟಿ ವೈದ್ಯ. ಅವರನ್ನು ಜನ ಅಳೆಯುತ್ತಿದ್ದ ಅಳತೆಗೋಲು 'ಕೈಗುಣ', ಅಂದರೆ ಔಷಧದಾಚೆಗೆ ಚಿಕಿತ್ಸಕನ ಸ್ಪರ್ಶದಲ್ಲೇ ಇದೆಯೆಂದು ನಂಬಲಾದ ಶಕ್ತಿ. ಕೈಗುಣಕ್ಕೆ ಪರವಾನಗಿ ಇರಲಿಲ್ಲ, ಆದರೆ ಹೊಣೆ ಇತ್ತು. ಕೂಸು ಉಳಿಯಲಿ, ಉಳಿಯದಿರಲಿ, ಸೂಲಗಿತ್ತಿ ಮರುದಿನ ಅದೇ ಓಣಿಯಲ್ಲಿ ನಡೆದುಹೋಗಬೇಕಿತ್ತು, ಅದೇ ಬಾವಿಯ ನೀರು ಸೇದಬೇಕಿತ್ತು. ಇದನ್ನು ಸುವರ್ಣಯುಗವೆಂದು ಬಣ್ಣಿಸುವುದು ತಪ್ಪಾದೀತು, ಏಕೆಂದರೆ ಬಾಣಂತಿಯರ ಸಾವು ಅಂದು ಮನೆಮನೆಯ ಸಂಗತಿಯಾಗಿತ್ತು, ಸೂಲಗಿತ್ತಿಗೆ ಸಿಗುತ್ತಿದ್ದ ಮರ್ಯಾದೆಯನ್ನು ಜಾತಿ ಅಳೆಯುತ್ತಿತ್ತು. ಆದರೆ ಕೇಳುವವರಿಗೂ ಕೇಳಿಸಿಕೊಳ್ಳಬೇಕಾದವರಿಗೂ ನಡುವಿನ ಅಂತರ ಒಂದು ಓಣಿಯಷ್ಟೇ ಇತ್ತು ಎಂಬುದನ್ನು ಮರೆಯುವಂತಿಲ್ಲ.

1956ರವರೆಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೇರಿದಂತೆ ಧಾರವಾಡ ಸೀಮೆಯೆಲ್ಲ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದರಿಂದ, ಇಲ್ಲಿನ ಚಿಕಿತ್ಸೆಗೆ ಮೊದಲು ತಗುಲಿದ ಕಾನೂನುಗಳೂ ಮುಂಬಯಿಯವೇ. ಪಾಶ್ಚಾತ್ಯ ಪದ್ಧತಿಯಲ್ಲಿ ಕಲಿತ ವೈದ್ಯರ ಹೆಸರನ್ನು ಪಟ್ಟಿಯಲ್ಲಿ ದಾಖಲಿಸುವ ವ್ಯವಸ್ಥೆ 1912ರ ಮುಂಬಯಿ ವೈದ್ಯಕೀಯ ಕಾಯ್ದೆಯಿಂದ ಬಂತು; ದಾದಿಯರಿಗೂ ತರಬೇತಿ ಪಡೆದ ಸೂಲಗಿತ್ತಿಯರಿಗೂ 1935ರಲ್ಲಿ, ಆಯುರ್ವೇದ ಮತ್ತು ಯುನಾನಿ ವೈದ್ಯರಿಗೆ 1938ರಲ್ಲಿ ಅಂಥದೇ ಪಟ್ಟಿಗಳು ಬಂದವು. ಈ ಕಾನೂನುಗಳ ಹಿಂದಿನ ತರ್ಕ ಸರಳ: ಚಿಕಿತ್ಸೆ ಎಂದರೆ ಒಬ್ಬ ವ್ಯಕ್ತಿಯ ಕೈ, ಆ ಕೈ ಯಾರದೆಂದು ಬರೆದಿಟ್ಟುಕೊಂಡರೆ, ತಪ್ಪಾದಾಗ ಹೆಸರು ಹೊಡೆದುಹಾಕಬಹುದು. ಪಟ್ಟಿಯ ಹೊರಗುಳಿದ ಸಾವಿರಾರು ಸೂಲಗಿತ್ತಿಯರನ್ನು ಕಾನೂನು ಕಾಣಲೇ ಇಲ್ಲ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ರಾಷ್ಟ್ರ 2018ರಲ್ಲಿ ಪದ್ಮಶ್ರೀ ಕೊಟ್ಟು ಗೌರವಿಸಿದ್ದು ಆ ಕಾಣದ ಕೈಗಳಿಗೆಲ್ಲ ಸಂದ ತಡವಾದ ಮನ್ನಣೆ.

ಕೈಯೊಂದನ್ನೇ ಪಟ್ಟಿ ಮಾಡಿದರೆ ಸಾಲದು ಎಂಬ ಪಾಠ ಆ ಕಾಯ್ದೆಗಳಿಗೂ ಮೊದಲೇ ಸಿಕ್ಕಿತ್ತು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದ ಮೇಲೆ ಅಲ್ಲಿನ ಪ್ರಯೋಗಾಲಯದಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಲಸಿಕೆ ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡು ನೋಡಿದ. ಮರುವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಸುಮಾರು 38 ಸಾವಿರ ಜನರಿಗೆ ಈ ಲಸಿಕೆ ಹಾಕಲಾಯಿತು. ಕಾರ್ಖಾನೆಯಂಥ ಪ್ರಯೋಗಾಲಯದಲ್ಲಿ ತಯಾರಾಗಿ, ಸೀಸೆಯಲ್ಲಿ ಬಂದು, ಅಪರಿಚಿತರ ಕೈಯಿಂದ ಮೈಯೊಳಗೆ ಇಳಿಯುವ ಚಿಕಿತ್ಸೆಯನ್ನು ಈ ಸೀಮೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಕಂಡದ್ದು ಆಗ. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ ಅದೇ ಲಸಿಕೆಯ ಒಂದು ಸೀಸೆಯಿಂದ ಚುಚ್ಚಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ವಿಚಾರಣೆ ನಡೆಸಿದವರು ತಪ್ಪು ಪ್ರಯೋಗಾಲಯದ್ದೆಂದು ಹೇಳಿದ್ದರಿಂದ ಹಾಫ್‌ಕಿನ್ ಹುದ್ದೆ ಕಳೆದುಕೊಂಡ. ಹಳ್ಳಿಯಲ್ಲಿ ಸೀಸೆ ಬಿಚ್ಚುವಾಗ ಸಹಾಯಕನೊಬ್ಬನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿಮಾಡದೆ ಮತ್ತೆ ಬಳಸಲಾಗಿತ್ತು ಎಂಬ ಸಂಗತಿ ಮೇಲೆ ಬಂದು ಅವನು ನಿರ್ದೋಷಿ ಎನಿಸಿಕೊಳ್ಳಲು 1907 ಬರಬೇಕಾಯಿತು. ತಯಾರಿಸಿದವನದೋ, ಬಳಸಿದವನದೋ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಒಂದು ಸೀಸೆ ಮತ್ತು ಒಂದು ಚಿಮಟದ ವಿಷಯದಲ್ಲೇ 5 ವರ್ಷ ಹಿಡಿಯಿತು. ಅಸಂಖ್ಯ ಬಿಡಿಭಾಗಗಳೂ ಅದೃಶ್ಯ ತಂತ್ರಾಂಶವೂ ಇರುವ ಯಂತ್ರದ ವಿಷಯದಲ್ಲಿ ಈ ಲೆಕ್ಕ ಹೇಗಿದ್ದೀತೆಂದು ಊಹಿಸಬಹುದು.

ಸ್ವಾತಂತ್ರ್ಯದ ನಂತರ ಕಾನೂನಿನ ಕಣ್ಣು ಕಟ್ಟಡದ ಮೇಲೆ ಬಿತ್ತು. 1949ರ ಮುಂಬಯಿ ನರ್ಸಿಂಗ್ ಹೋಂ ಕಾಯ್ದೆ, 1976ರ ಕರ್ನಾಟಕ ಖಾಸಗಿ ನರ್ಸಿಂಗ್ ಹೋಂ ಕಾಯ್ದೆ, ಅದರ ಜಾಗಕ್ಕೆ ಬಂದ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಇವೆಲ್ಲ ಆಸ್ಪತ್ರೆಯನ್ನು ನೋಂದಾಯಿಸುವ ಕಾಯ್ದೆಗಳು. 2017ರಲ್ಲಿ ಆರೋಗ್ಯ ಸಚಿವ ರಮೇಶ್ ಕುಮಾರ್ 2007ರ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ನವೆಂಬರಿನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ದವಾಖಾನೆಗಳ ಬಾಗಿಲು ಮುಚ್ಚಿದವು, ಬೆಳಗಾವಿಯ ಅಧಿವೇಶನದಲ್ಲಿ ಮಸೂದೆ ಸಾಕಷ್ಟು ಸಡಿಲಗೊಂಡೇ ಅಂಗೀಕಾರವಾಯಿತು. ಆದರೂ ಅದರಿಂದ ಉಳಿದ ಒಂದು ಲಾಭ ದೊಡ್ಡದು: ನೋಂದಣಿಯ ಜೊತೆಗೆ ರೋಗಿಗಳ ದೂರು ಕೇಳುವ ಪ್ರಾಧಿಕಾರವೊಂದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಪ್ರತಿ ಜಿಲ್ಲೆಗೂ ಬಂತು.

ಇಡೀ ಚರಿತ್ರೆಯಲ್ಲಿ ರೋಬಾಟ್‌ನ ಪ್ರಶ್ನೆಗೆ ಅತಿ ಹತ್ತಿರದ ನಂಟಿರುವುದು ಸ್ಕ್ಯಾನಿಂಗ್ ಯಂತ್ರಕ್ಕೆ. ಶಬ್ದತರಂಗಗಳನ್ನು ಮೈಯೊಳಗೆ ಕಳಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಮೂಡಿಸುವ ಈ ಯಂತ್ರ ಬಸುರಿಯ ಪ್ರಾಣ ಉಳಿಸಬಲ್ಲದು. ಅದೇ ಯಂತ್ರ ಗರ್ಭದಲ್ಲಿರುವುದು ಹೆಣ್ಣೆಂದು ತಿಳಿಸಿ ಆ ಭ್ರೂಣದ ಪ್ರಾಣಕ್ಕೆ ಎರವಾಗಬಲ್ಲದು. ಪ್ರಸವಪೂರ್ವ ಲಿಂಗಪತ್ತೆಯನ್ನು ನಿಷೇಧಿಸಿ 1994ರಲ್ಲಿ ಸಂಸತ್ತು ಮಾಡಿದ ಕಾನೂನು 1996ರ ಜನವರಿ 1ರಿಂದ ಜಾರಿಗೆ ಬಂತು. ನಮ್ಮ ದೇಶದಲ್ಲಿ ಒಂದು ವೈದ್ಯಕೀಯ ಯಂತ್ರವನ್ನು, ಅದು ರೋಗಿಗೆ ಮಾಡುವ ಹಾನಿಗಾಗಿ ಅಲ್ಲದೆ ಸಮಾಜಕ್ಕೆ ಮಾಡುವ ಹಾನಿಗಾಗಿ ಕಟ್ಟಿಹಾಕಿದ ಕಾನೂನು ಇದು, ಹಾಗಾಗಿಯೇ ಇದನ್ನು ನಿಧಾನವಾಗಿ ನೋಡಬೇಕು. ಯಂತ್ರ ಎಲ್ಲಿದೆಯೋ ಆ ವಿಳಾಸಕ್ಕೆ ನೋಂದಣಿ ಬೇಕು. ನೋಂದಣಿ ಇಲ್ಲದವರಿಗೆ ತಯಾರಕರು ಮಾರುವಂತಿಲ್ಲ. ಲಿಂಗಪತ್ತೆ ಇಲ್ಲಿ ನಡೆಯುವುದಿಲ್ಲ, ಅದು ಅಪರಾಧ ಎಂಬ ಫಲಕ ಜನರ ಭಾಷೆಯಲ್ಲಿ ಗೋಡೆಯ ಮೇಲಿರಬೇಕು. ಪ್ರತಿ ಬಸುರಿಗೂ 'ಎಫ್ ನಮೂನೆ' ಎಂಬ ಹಾಳೆ ತುಂಬಬೇಕು. ಆಕೆಯ ಹೆಸರು, ವಯಸ್ಸು, ಈಗಾಗಲೇ ಇರುವ ಮಕ್ಕಳೆಷ್ಟು, ಅವರಲ್ಲಿ ಗಂಡೆಷ್ಟು ಹೆಣ್ಣೆಷ್ಟು, ಕಳಿಸಿದ ವೈದ್ಯರು ಯಾರು, ಸ್ಕ್ಯಾನ್ ಯಾಕೆ ಬೇಕಾಯಿತು, ಇಷ್ಟೂ ಅದರಲ್ಲಿರಬೇಕು. ಲಿಂಗ ತಿಳಿಯಲು ಬಯಸುವುದಿಲ್ಲವೆಂದು ಆಕೆಯೂ, ತಿಳಿಸಿಲ್ಲವೆಂದು ವೈದ್ಯರೂ ಸಹಿ ಹಾಕಬೇಕು. ಹಾಳೆ ಸರಿಯಾಗಿ ತುಂಬದಿದ್ದರೆ ಅದನ್ನೇ ಕಾನೂನಿನ ಉಲ್ಲಂಘನೆಯೆಂದು ಎಣಿಸಲಾಗುತ್ತದೆ, ತಪ್ಪು ನಡೆದಿಲ್ಲವೆಂದು ತೋರಿಸುವ ಭಾರ ವೈದ್ಯರ ಮೇಲೆಯೇ ಬೀಳುತ್ತದೆ.

ಬರೆದ ಕಾನೂನು ಬಲವಾಗಿದ್ದರೂ ಮೊದಲ 5 ವರ್ಷ ಅದು ಕಪಾಟಿನಲ್ಲೇ ಉಳಿದಿತ್ತು. ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ಮೇಲೆ ಸುಪ್ರೀಂ ಕೋರ್ಟ್ 2001ರಲ್ಲಿ ಆದೇಶ ಹೊರಡಿಸಿದ ಮೇಲೆ, ಯಂತ್ರಗಳನ್ನು ಯಾರ್ಯಾರಿಗೆ ಮಾರಿದ್ದೀರೆಂಬ ಪಟ್ಟಿಯನ್ನು ತಯಾರಕ ಕಂಪನಿಗಳಿಂದಲೇ ತರಿಸಿ ಕೇಂದ್ರಗಳನ್ನು ಹುಡುಕುವ ಕೆಲಸ ಆರಂಭವಾಯಿತು. 2003ರ ತಿದ್ದುಪಡಿ ಕಾನೂನನ್ನು ಬಿಗಿಗೊಳಿಸಿತು. ಬೆಳಗಾವಿಗೆ ಹೊಂದಿಕೊಂಡ ಕೊಲ್ಹಾಪುರ ಜಿಲ್ಲೆಯಲ್ಲಿ 2009ರ ಹೊತ್ತಿಗೆ ಸ್ಕ್ಯಾನಿಂಗ್ ಯಂತ್ರಕ್ಕೇ ಇನ್ನೊಂದು ಯಂತ್ರವನ್ನು ಜೋಡಿಸಿ, ಮೂಡಿದ ಪ್ರತಿ ಚಿತ್ರವನ್ನೂ ಅದು ದಾಖಲಿಸಿಕೊಳ್ಳುವಂತೆ ಮಾಡಿದ ಪ್ರಯೋಗವೂ ನಡೆಯಿತು. ಯಂತ್ರವನ್ನು ಕಾಯಲು ಯಂತ್ರವನ್ನೇ ನಿಲ್ಲಿಸಿದ ಈ ಉಪಾಯಕ್ಕೆ ರೋಬಾಟ್ ಯುಗದಲ್ಲಿ ಹೊಸ ಅರ್ಥ ಬಂದಿದೆ. ಕಾನೂನಿನ ಫಲವೇನೆಂದು ಕೇಳಿದರೆ ಉತ್ತರ ಸಮಾಧಾನ ಕೊಡುವಂಥದಲ್ಲ. ಕರ್ನಾಟಕದಲ್ಲಿ 6 ವರ್ಷದೊಳಗಿನ ಪ್ರತಿ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆ 1991ರಲ್ಲಿ 960 ಇದ್ದದ್ದು 2001ರಲ್ಲಿ 946ಕ್ಕೆ ಇಳಿದು, 2011ರಲ್ಲಿ 948ಕ್ಕೆ ಬಂದು ನಿಂತಿತು. ಕುಸಿತ ನಿಂತದ್ದು ನಿಜ, ಆದರೆ ಕಳೆದುಹೋದದ್ದು ಮರಳಲಿಲ್ಲ. ಯಂತ್ರ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದಾಗ ವಿಳಾಸಕ್ಕೆ ಕಟ್ಟಿದ ಕಾನೂನು ಜಾರತೊಡಗಿತು: 2023ರಲ್ಲಿ ಪೊಲೀಸರು ಬಯಲಿಗೆಳೆದ ಭ್ರೂಣಹತ್ಯೆಯ ಜಾಲದಲ್ಲಿ ಸ್ಕ್ಯಾನ್ ನಡೆಯುತ್ತಿದ್ದ ಜಾಗ ಮಂಡ್ಯದ ಬಳಿಯ ಒಂದು ಆಲೆಮನೆ. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಪಕ್ಕದಲ್ಲಿ ಇಂಥ ಯಂತ್ರವೊಂದು ಇರಬಹುದೆಂದು 1994ರಲ್ಲಿ ಕಾನೂನು ಬರೆದವರ ಎಣಿಕೆಗೆ ಬಂದಿರಲಾರದು.

ಯಂತ್ರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ ಎಂಬುದನ್ನು ಇದೇ ಜಿಲ್ಲೆಯ ನೋವಿನ ಪ್ರಕರಣವೊಂದು ತೋರಿಸಿಕೊಟ್ಟಿದೆ. 2014ರಿಂದ 2017ರ ನಡುವೆ ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳ ಗರ್ಭಕೋಶ ತೆಗೆಯಲಾಯಿತೆಂದೂ, ಅವುಗಳಲ್ಲಿ ಬಹಳಷ್ಟು ಅನಗತ್ಯವಾಗಿತ್ತೆಂದೂ ದೂರುಗಳೆದ್ದವು; ಅವರಲ್ಲಿ ಅನೇಕರು ಲಂಬಾಣಿ ತಾಂಡಾಗಳ ಬಡ ಕೂಲಿಕಾರ್ತಿಯರು. ವರ್ಷಗಳು ಕಳೆದರೂ ಪರಿಹಾರ ಸಿಗದಾಗ ಅವರು ಅಂದಿನ ಮುಖ್ಯಮಂತ್ರಿಯ ಕ್ಷೇತ್ರವಾದ ಶಿಗ್ಗಾಂವಿಯತ್ತ ಪಾದಯಾತ್ರೆ ಹೊರಟರು. ಇಲ್ಲಿ ರೋಬಾಟ್ ಇರಲಿಲ್ಲ. ಶಸ್ತ್ರಚಿಕಿತ್ಸೆ ಮಾಡುವ ಕೈ ನೋಂದಾಯಿತ ಕೈಯೇ. ಕಟ್ಟಡ ಸರ್ಕಾರದ್ದೇ ಆದ್ದರಿಂದ ಖಾಸಗಿ ಸಂಸ್ಥೆಗಳ ಕಾಯ್ದೆ ಅದಕ್ಕೆ ತಗುಲುವುದಿಲ್ಲ. ಉಪಕರಣಗಳು ಎಲ್ಲೆಡೆ ಇರುವಂಥ ಸಾಮಾನ್ಯ ಉಪಕರಣಗಳು. ಕೈ, ಕಟ್ಟಡ, ಯಂತ್ರ ಮೂರಕ್ಕೂ ಬೀಸಿದ ಬಲೆಯ ಕಣ್ಣುಗಳ ನಡುವೆ ನುಸುಳಿಹೋದದ್ದು 'ಈ ಶಸ್ತ್ರಚಿಕಿತ್ಸೆ ಈಕೆಗೆ ಬೇಕೇ?' ಎಂಬ ಒಂದು ಪ್ರಶ್ನೆ. 10 ಕೋಟಿ ರೂಪಾಯಿಗೂ ಮಿಕ್ಕ ಬೆಲೆಯ ಯಂತ್ರವನ್ನು ಕೊಂಡು, ಅದರ ಖರ್ಚು ತೆಗೆಯಲು ರೋಗಿಗಳ ಸಂಖ್ಯೆ ಹೆಚ್ಚಿಸಲೇಬೇಕಾದ ಆಸ್ಪತ್ರೆಯಲ್ಲಿ ಆ ಪ್ರಶ್ನೆ ಇನ್ನೂ ಸಣ್ಣ ದನಿಯಲ್ಲಿ ಕೇಳಿಬಂದೀತೆಂಬ ಆತಂಕ ಆಧಾರವಿಲ್ಲದ್ದಲ್ಲ.

ಶಸ್ತ್ರಚಿಕಿತ್ಸೆಗೆ ರೋಬಾಟ್ ಕೈಹಾಕಿದ್ದು 1985ರಲ್ಲಿ, ಅಮೆರಿಕದಲ್ಲಿ ಕಾರ್ಖಾನೆಗೆಂದು ಮಾಡಿದ 'ಪ್ಯೂಮಾ' ಎಂಬ ಯಂತ್ರತೋಳು ಮಿದುಳಿನೊಳಗೆ ಸೂಜಿ ಇಳಿಸಲು ದಾರಿ ತೋರಿದಾಗ. 2000ದಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಒಪ್ಪಿಗೆ ಪಡೆದ 'ಡಾ ವಿಂಚಿ' ಎಂಬ ಯಂತ್ರ ಅಲ್ಲಿಂದಾಚೆಗೆ ಜಗತ್ತಿನ ದೊಡ್ಡ ಆಸ್ಪತ್ರೆಗಳಿಗೆ ಹಬ್ಬಿ, ಬೆಂಗಳೂರಿಗೂ ಬಂತು. ಹೆಸರು ರೋಬಾಟ್ ಎಂದಿದ್ದರೂ ಅದು ತಾನಾಗಿ ಏನೂ ಮಾಡುವುದಿಲ್ಲ. ರೋಗಿ ಮಲಗಿರುವ ಮೇಜಿನಿಂದ ಕೆಲವು ಅಡಿ ದೂರದಲ್ಲಿ 'ಕನ್ಸೋಲ್' ಎಂಬ ಪೀಠವಿದೆ; ವೈದ್ಯರು ಪಾದರಕ್ಷೆ ಕಳಚಿ ಅದರ ಮುಂದೆ ಕೂತು, ಹಣೆಯನ್ನು ಮುಂದಿನ ದಿಂಬಿಗೆ ಒತ್ತಿ, ಒಳಗಿನ ಮೂರು ಆಯಾಮದ ಚಿತ್ರ ನೋಡುತ್ತ, ಎರಡು ಕೈಗಳ ಬೆರಳುಗಳನ್ನು ಪಟ್ಟಿಗಳೊಳಗೆ ತೂರಿಸಿ ಆಡಿಸಿದಂತೆ, ಅತ್ತ ರೋಗಿಯ ಹೊಟ್ಟೆಯೊಳಗೆ ತೋಳುಗಳ ತುದಿಯ ಪುಟ್ಟ ಕತ್ತರಿ ಚಿಮಟಗಳು ಆಡುತ್ತವೆ. ಬೆರಳು ದೊಡ್ಡದಾಗಿ ಸರಿದರೆ ಕತ್ತರಿ ಕಿರಿದಾಗಿ ಸರಿಯುತ್ತದೆ, ಕೈ ನಡುಗಿದರೆ ನಡುಕವನ್ನು ಯಂತ್ರ ಸೋಸಿಬಿಡುತ್ತದೆ. ಉಪಕರಣದೊಳಗಿನ ಚಿಪ್ ಅದನ್ನು ಎಷ್ಟು ಸಲ ಬಳಸಲಾಯಿತೆಂದು ಎಣಿಸುತ್ತದೆ, ಗೊತ್ತುಪಡಿಸಿದ ಸಂಖ್ಯೆ ಮುಗಿದ ಮೇಲೆ ಯಂತ್ರ ಅದನ್ನು ಒಪ್ಪುವುದಿಲ್ಲ. ಚಿಕಿತ್ಸೆಯ ಬೆಲೆ ಏರಲು ಇದೂ ಒಂದು ಕಾರಣ. ಎರಡು ದಶಕಗಳಿಗೂ ಹೆಚ್ಚು ಕಾಲ ಈ ಯಂತ್ರದಲ್ಲಿ ಇಲ್ಲದೇ ಇದ್ದದ್ದು ಸ್ಪರ್ಶ: ದಾರ ಬಿಗಿದಾಗ ಎಷ್ಟು ಬಿಗಿಯಾಯಿತೆಂಬುದು ವೈದ್ಯರ ಬೆರಳಿಗೆ ತಿಳಿಯುತ್ತಿರಲಿಲ್ಲ, ಕಣ್ಣಿಂದಲೇ ಅಂದಾಜು ಮಾಡಬೇಕಿತ್ತು. ಒತ್ತಡವನ್ನು ಬೆರಳಿಗೆ ಮುಟ್ಟಿಸುವ ಮಾದರಿಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 2024ರಲ್ಲಿ. ಕತ್ತಲೆಯ ಕೋಣೆಯಲ್ಲಿ ಬೆರಳ ತುದಿಯಿಂದಲೇ ಕೂಸಿನ ತಲೆ ಎತ್ತ ತಿರುಗಿದೆಯೆಂದು ಅರಿಯುತ್ತಿದ್ದ ಸೂಲಗಿತ್ತಿಯ ಕೈಗುಣದಿಂದ ಚಿಕಿತ್ಸೆ ನಡೆದುಬಂದ ದೂರ ಈ ಒಂದು ವಿವರದಲ್ಲೇ ಕಾಣುತ್ತದೆ.

ಇಂಥ ಯಂತ್ರಗಳನ್ನು ಭಾರತದ ಕಾನೂನು ಅಳೆಯುವುದು 2018ರ ಜನವರಿಯಿಂದ ಜಾರಿಗೆ ಬಂದ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ. ಅಪಾಯದ ಮಟ್ಟಕ್ಕೆ ತಕ್ಕಂತೆ ಸಾಧನಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸಿದ ಈ ನಿಯಮಗಳು ಮೊದಲು ಕೆಲವೇ ಸಾಧನಗಳಿಗೆ ಅನ್ವಯಿಸಿ, 2020ರ ಏಪ್ರಿಲ್ 1ರಿಂದ ಎಲ್ಲ ಸಾಧನಗಳಿಗೂ ವಿಸ್ತರಿಸಿದವು. ಹೆಚ್ಚು ಅಪಾಯದ ಸಿ ಮತ್ತು ಡಿ ವರ್ಗಗಳಿಗೆ ಪರವಾನಗಿ ಕಡ್ಡಾಯವಾದದ್ದು 2023ರ ಅಕ್ಟೋಬರಿನಲ್ಲಿ. ಒಪ್ಪಿಗೆ ಸಿಕ್ಕ ಯಂತ್ರವನ್ನು ಯಾವ ಶಸ್ತ್ರಚಿಕಿತ್ಸೆಗೆ ಬಳಸಿದರೆ ಒಳಿತು ಎಂಬುದು ಬೇರೆಯೇ ವಿಷಯ. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ತೂತು ಕೊರೆದು ಮಾಡುವ ಶಸ್ತ್ರಚಿಕಿತ್ಸೆಯನ್ನೂ ಹೊಟ್ಟೆ ತೆರೆದು ಮಾಡುವ ಹಳೆಯ ವಿಧಾನವನ್ನೂ ಹೋಲಿಸಿದ ಅಂತರರಾಷ್ಟ್ರೀಯ ಅಧ್ಯಯನವೊಂದು 2018ರಲ್ಲಿ ಪ್ರಕಟವಾದಾಗ ವೈದ್ಯಲೋಕ ಬೆಚ್ಚಿತು: ನಾಲ್ಕೂವರೆ ವರ್ಷಗಳ ನಂತರ ರೋಗ ಮರುಕಳಿಸದೆ ಉಳಿದವರು ಹಳೆಯ ವಿಧಾನದಲ್ಲಿ ಶೇ 96.5, ಹೊಸದರಲ್ಲಿ ಶೇ 86. ಹೊಸ ವಿಧಾನದ ಗುಂಪಿನಲ್ಲಿ ರೋಬಾಟ್ ಬಳಸಿದ್ದು ಸಣ್ಣ ಪಾಲಾದರೂ, ಮರುವರ್ಷ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಕ್ಯಾನ್ಸರ್ ಚಿಕಿತ್ಸೆಯಲ್ಲಿ ರೋಬಾಟ್ ಬಳಕೆಯ ಬಗ್ಗೆ ಎಚ್ಚರಿಕೆ ಹೊರಡಿಸಿತು. ಸಣ್ಣ ಗಾಯ, ಬೇಗ ಬಿಡುಗಡೆ ಎಂಬ ಲಾಭಗಳು ಕಣ್ಣಿಗೆ ಬೇಗ ಕಾಣುತ್ತವೆ. ನಷ್ಟ ಕಾಣಲು ವರ್ಷಗಳು ಬೇಕು, ಅಷ್ಟರಲ್ಲಿ ರೋಗಿ ಊರಿಗೆ ಮರಳಿರುತ್ತಾಳೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಿನಗೂಲಿಗೆ ದುಡಿಯುವ ಹೆಂಗಸಿಗೆ ಬೇಗ ಕೆಲಸಕ್ಕೆ ಮರಳುವುದು ನಿಜಕ್ಕೂ ದೊಡ್ಡ ಮಾತು, ಆದ್ದರಿಂದಲೇ ಆಕೆಗೆ ಎರಡೂ ಬದಿಯ ಲೆಕ್ಕವನ್ನು ಆಕೆಯ ಮಾತಿನಲ್ಲಿ ಹೇಳುವುದು ವೈದ್ಯರ ಮೊದಲ ಕರ್ತವ್ಯವಾಗಬೇಕು.

ಹಣದ ದಾರಿಯೂ ಇಲ್ಲಿ ಸಮಾಜವನ್ನು ಎರಡಾಗಿ ಸೀಳುತ್ತದೆ. ಸಹಕಾರ ಸಂಘಗಳ ರೈತರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ ಮೊದಮೊದಲು ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿ ಶಸ್ತ್ರಚಿಕಿತ್ಸೆ ಪಡೆದ ಕುಟುಂಬಗಳಿಗೆ ಯೋಜನೆಯ ಕಾರ್ಡೇ ದೊಡ್ಡಾಸ್ಪತ್ರೆಯ ಬಾಗಿಲಾಗಿತ್ತು. ಇನ್ನೊಂದು ಬದಿಯಲ್ಲಿ, ರೋಬಾಟ್ ಶಸ್ತ್ರಚಿಕಿತ್ಸೆಯನ್ನು ಆರೋಗ್ಯ ವಿಮೆಯಿಂದ ಹೊರಗಿಡುವಂತಿಲ್ಲವೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ವಿಧಿಸಿದ್ದು ಸ್ವಾಗತಾರ್ಹವೇ. ಅದರ ಫಲ ಸಿಕ್ಕಿದ್ದು ಮಾತ್ರ ವಿಮೆ ಕೊಳ್ಳಬಲ್ಲವರಿಗೆ.

ಕೋವಿಡ್ ಕಾಲದಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಬಾಗಿಲಲ್ಲಿ, ಅದೇ ನಗರದಲ್ಲಿ ತಯಾರಾದ 'ಮಿತ್ರ' ಎಂಬ ರೋಬಾಟ್ ಬಂದವರ ಮೈಬಿಸಿ ನೋಡುತ್ತ ಪ್ರಶ್ನೆ ಕೇಳುತ್ತ ನಿಂತಿತ್ತು. ಅದೇ ಕಾಲದಲ್ಲಿ, 2020ರ ಮಾರ್ಚಿನಲ್ಲಿ, ಕೇಂದ್ರ ಸರ್ಕಾರ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿ, ಅಂದರೆ ದೂರದಿಂದ ಚಿಕಿತ್ಸೆ ನೀಡುವುದರ ಕಟ್ಟಳೆ, ಎರಡು ಗೆರೆಗಳನ್ನು ಎಳೆಯಿತು: ಕೃತಕ ಬುದ್ಧಿಮತ್ತೆಯ ಯಂತ್ರ ವೈದ್ಯರಿಗೆ ನೆರವಾಗಬಹುದು, ಆದರೆ ರೋಗಿಗೆ ತಾನೇ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ, ಮತ್ತು ದೂರದಿಂದ ಶಸ್ತ್ರಚಿಕಿತ್ಸೆ ಮಾಡುವ ವಿಷಯ ಈ ಮಾರ್ಗಸೂಚಿಯ ವ್ಯಾಪ್ತಿಗೆ ಬರುವುದಿಲ್ಲ. ಮೊದಲನೆಯದು 1912ರ ಪಟ್ಟಿಯ ತರ್ಕವನ್ನೇ ಮತ್ತೆ ಹಿಡಿಯಿತು: ಹೊಣೆ ನೋಂದಾಯಿತ ಮನುಷ್ಯನದೇ. ಎರಡನೆಯದು ಬಾಗಿಲನ್ನು ಮುಚ್ಚಲೂ ಇಲ್ಲ, ತೆರೆಯಲೂ ಇಲ್ಲ. ನ್ಯೂಯಾರ್ಕಿನಲ್ಲಿ ಕೂತ ಫ್ರೆಂಚ್ ವೈದ್ಯರು ಸ್ಟ್ರಾಸ್‌ಬರ್ಗಿನಲ್ಲಿ ಮಲಗಿದ್ದ ರೋಗಿಯ ಪಿತ್ತಕೋಶವನ್ನು ರೋಬಾಟ್ ಮೂಲಕ ತೆಗೆದದ್ದು 2001ರಷ್ಟು ಹಿಂದೆಯೇ. ಭಾರತದಲ್ಲೇ ತಯಾರಾದ 'ಮಂತ್ರ' ಎಂಬ ರೋಬಾಟ್‌ನಿಂದ ಗುರುಗ್ರಾಮದಲ್ಲಿ ಕೂತು ಜೈಪುರದ ರೋಗಿಗೆ ಶಸ್ತ್ರಚಿಕಿತ್ಸೆ ಮಾಡಿದ್ದು 2025ರಲ್ಲಿ. ಹುಬ್ಬಳ್ಳಿಯವರೆಗೂ ಹೋಗಲಾರದ ರೋಗಿಗೆ ಹಾವೇರಿಯಲ್ಲೇ ದೊಡ್ಡ ವೈದ್ಯರ ಕೈ ಸಿಗುವ ದಿನ ಬಂದರೆ ಅದಕ್ಕಿಂತ ಸಂತೋಷವಿಲ್ಲ.

ಆ ದಿನ ಕೈ ಒಂದು ಊರಿನಲ್ಲಿ, ಕಟ್ಟಡ ಇನ್ನೊಂದರಲ್ಲಿ, ಯಂತ್ರದ ತಯಾರಕ ಮತ್ತೊಂದು ರಾಜ್ಯದಲ್ಲೋ ದೇಶದಲ್ಲೋ ಇರುವುದರಿಂದ, ಮೂರನ್ನೂ ಬೇರೆಬೇರೆಯಾಗಿ ಹಿಡಿದ ಹಳೆಯ ಕಾನೂನುಗಳಿಗಿಂತ ರೋಗಿಗೆ ಹತ್ತಿರವಾಗುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆ. ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪಿತ್ತಿತ್ತು. ಹೊಸ ಕಾಯ್ದೆ ದೋಷಯುಕ್ತ ಉತ್ಪನ್ನದ ಹೊಣೆಯನ್ನು ತಯಾರಕನ ಮೇಲೂ ಹೊರಿಸಿ, ಅವನಿಗೆ ನೋಟಿಸ್ ಮುಟ್ಟಿಸಲಾಗದಿದ್ದರೆ ಮಾರಾಟಗಾರನನ್ನೇ ಹಿಡಿಯಲು ಅವಕಾಶ ಕೊಟ್ಟಿತು, ಜೊತೆಗೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದೆಂದು ವಿಧಿಸಿತು. ಹೊಸರಿತ್ತಿಯವರು ಹಾವೇರಿಯ ಜಿಲ್ಲಾ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿ ಬೆಂಗಳೂರಿನ ಆಸ್ಪತ್ರೆಯನ್ನೂ ಅದರಾಚೆಯ ಕಂಪನಿಯನ್ನೂ ಕರೆಸಬಹುದು. ಕೈಯಲ್ಲಿ ಯಾವ ಕಾಗದ ಹಿಡಿದು ಹತ್ತಬೇಕೆಂಬುದಷ್ಟೇ ಇನ್ನೂ ಇತ್ಯರ್ಥವಾಗಿಲ್ಲ. ರೋಗಿ ಕೇಳಿದರೆ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮ ಹೇಳುತ್ತದೆ, ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಲು ಪ್ರಯತ್ನಿಸಿ ಎಂದೂ ಹೇಳುತ್ತದೆ. ಆದರೆ ತೋಳು ಯಾವ ಗಳಿಗೆಯಲ್ಲಿ ಎಲ್ಲಿ ಸರಿಯಿತು, ಯಾವ ಎಚ್ಚರಿಕೆ ಮೂಡಿತು, ಯಾರು ಅದನ್ನು ಒತ್ತಿ ಮುಂದೆ ಸಾಗಿದರು ಎಂದು ಯಂತ್ರ ತಾನೇ ಬರೆದಿಟ್ಟುಕೊಳ್ಳುವ ದಾಖಲೆಯ ಹೆಸರು ಆ ನಿಯಮದಲ್ಲಿಲ್ಲ.